ಕರುಳಿನ ಕ್ಯಾನ್ಸರ್‌ಗೂ ಡಿ ವಿಟಮಿನ್‌ಗೂ ಏನು ನಂಟು?

ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಗೆ ಬರುವ ಫೈಲು ವಾರದಿಂದ ವಾರಕ್ಕೆ ದಪ್ಪವಾಗುತ್ತದೆ. ಬಯಾಪ್ಸಿ ರಿಪೋರ್ಟು, ಸಿಟಿ ಸ್ಕ್ಯಾನು, ಸಿಇಎ, ಹಿಮೋಗ್ಲೋಬಿನ್. ಇವುಗಳ ನಡುವೆ ಎಲ್ಲೋ ಒಂದು ಹಾಳೆಯಲ್ಲಿ ‘ವಿಟಮಿನ್ ಡಿ 11’ ಎಂದಿದ್ದು, ಪಕ್ಕದಲ್ಲಿ ಕಡಿಮೆ ಎಂಬ ಗುರುತು ದಪ್ಪಕ್ಷರದಲ್ಲಿದ್ದರೆ ಮನೆಯವರ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಉಳಿದದ್ದು ಓದಿದರೂ ತಲೆಗೆ ಹತ್ತುವುದಿಲ್ಲ. ವಿಟಮಿನ್ ಮಾತ್ರ ಎಲ್ಲರಿಗೂ ಗೊತ್ತಿರುವ ಮಾತು. “ಇದು ಕಡಿಮಿ ಆಗಿದ್ದಕ್ಕ ಈ ರೋಗ ಬಂತೇನ್ರೀ ಸರ? ಇದನ್ನ ಏರಿಸಿದ್ರ ಆಯಸ್ಸು ಏರತೈತೇನು?” ಕೊಪ್ಪಳ ಜಿಲ್ಲೆಯ ಕನಕಗಿರಿ, ಗಂಗಾವತಿ ಕಡೆ ವಿಜ್ಞಾನದ ಪಾಠ ಹೇಳುವ ಯಾರಿಗಾದರೂ ಇಂಥ ಪ್ರಶ್ನೆ ತರಗತಿಗಿಂತ ಚಹಾದ ಅಂಗಡಿಯಲ್ಲೇ ಹೆಚ್ಚು ಎದುರಾಗುತ್ತದೆ. ಕೇಳಿದ್ದು ಎರಡು ಬೇರೆ ಪ್ರಶ್ನೆ. ಇವನ್ನು ಬಿಡಿಸಲು ಜಗತ್ತಿನ ದೊಡ್ಡ ದೊಡ್ಡ ಸಂಶೋಧಕರೂ ನಲವತ್ತು ವರ್ಷಗಳಿಂದ ಹೆಣಗುತ್ತಿದ್ದಾರೆ. ಆದ್ದರಿಂದ ಅವಸರ ಬೇಡ, ಒಂದೊಂದಾಗಿ ನೋಡೋಣ.

ಮೊದಲು ರೋಗದ ಜಾಗ. ಉಂಡದ್ದು ಸಣ್ಣ ಕರುಳಿನಲ್ಲಿ ಪಚನವಾಗಿ ಸಾರ ರಕ್ತಕ್ಕೆ ಸೇರಿದ ಮೇಲೆ ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ಸುಮಾರು ಒಂದೂವರೆ ಮೀಟರ್ ಉದ್ದದ ಈ ಕೊಳವೆ ಹೊಟ್ಟೆಯ ಬಲಭಾಗದಲ್ಲಿ ಕೆಳಗಿನಿಂದ ಮೇಲೇರಿ, ಅಡ್ಡ ಹಾಯ್ದು, ಎಡಭಾಗದಲ್ಲಿ ಇಳಿದು ಗುದನಾಳದಲ್ಲಿ ಮುಗಿಯುತ್ತದೆ. ಅದರ ಒಳಪದರದ ಜೀವಕೋಶಗಳು ಕೆಲವೇ ದಿನ ಬಾಳಿ ಉದುರುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತಲೇ ಇರುತ್ತವೆ. ಇಷ್ಟು ಬಿರುಸಿನ ಕೆಲಸ ನಡೆಯುವ ಕಡೆ ಎಲ್ಲೋ ಒಂದು ಕೋಶ ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆಯುತ್ತ ಹೋದರೆ ಪಾಲಿಪ್ ಎಂಬ ಸಣ್ಣ ಗಂಟಾಗುತ್ತದೆ. ಪಾಲಿಪ್‌ಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ತೆಗೆದುಕೊಳ್ಳುತ್ತವೆ. ದೊಡ್ಡ ಕರುಳು, ಗುದನಾಳ ಎರಡರ ಕ್ಯಾನ್ಸರನ್ನೂ ವೈದ್ಯರು ಒಟ್ಟಿಗೆ ಲೆಕ್ಕ ಹಿಡಿಯುತ್ತಾರೆ. 2020ರಲ್ಲಿ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಹೊಸದಾಗಿ ಪತ್ತೆಯಾಯಿತು ಎಂಬುದು ಅಂದಾಜು. ಭಾರತದ ಪಾಲು ಸುಮಾರು 65 ಸಾವಿರ. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ತಮ್ಮ ರೋಗಿಗಳ ಲೆಕ್ಕ ತೆಗೆದಾಗ ಸರಾಸರಿ ವಯಸ್ಸು 47ರ ಆಸುಪಾಸಿಗೆ ಬಂತು. ಅಮೆರಿಕ, ಯುರೋಪಿನಲ್ಲಿ ಇದು ಬಹುಪಾಲು ಅರವತ್ತು ದಾಟಿದವರ ರೋಗ. ನಮ್ಮಲ್ಲಿ ಮನೆ ನಡೆಸುವ ವಯಸ್ಸಿನವರಿಗೇ ಬರುತ್ತಿದೆ.

ಈಗ ಡಿ ವಿಟಮಿನ್ ಕಡೆಗೆ ಬರೋಣ. ಉಳಿದ ವಿಟಮಿನ್‌ಗಳನ್ನು ನಾವು ಊಟದಿಂದ ಪಡೆಯುತ್ತೇವೆ. ಇದರ ಹೆಚ್ಚಿನ ಪಾಲು ನಮ್ಮ ಚರ್ಮದಲ್ಲೇ ತಯಾರಾಗುತ್ತದೆ. ಕೊಲೆಸ್ಟರಾಲ್‌ನ ಹತ್ತಿರದ ಬಂಧುವೊಂದು ಚರ್ಮದಲ್ಲಿ ಸದಾ ಇರುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಬಿ ಕಿರಣ ಬಿದ್ದಾಗ ಅದೇ ಡಿ ವಿಟಮಿನ್ ಆಗುತ್ತದೆ. ಅಲ್ಲಿಂದ ರಕ್ತದ ಜೊತೆ ಯಕೃತ್ತಿಗೆ ಹೋಗಿ ಒಂದು ರೂಪ ಪಡೆಯುತ್ತದೆ. ಲ್ಯಾಬಿನವರು ಅಳೆಯುವುದು ಈ ರೂಪವನ್ನು. ರಕ್ತದಲ್ಲಿ ಎರಡು ಮೂರು ವಾರ ನಿಲ್ಲುವುದರಿಂದ ದೇಹದ ದಾಸ್ತಾನು ಎಷ್ಟಿದೆ ಎಂದು ಅದರಿಂದ ತಿಳಿಯುತ್ತದೆ. ಕೊನೆಗೆ ಮೂತ್ರಪಿಂಡದಲ್ಲಿ ಅದಕ್ಕೆ ಪೂರ್ತಿ ಬಲ ಬರುತ್ತದೆ, ಕರುಳು ಊಟದಲ್ಲಿರುವ ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗದ ಬೆನ್ನು ಹತ್ತಿದವರೇ ನೂರು ವರ್ಷದ ಹಿಂದೆ ಇದನ್ನು ಕಂಡುಹಿಡಿದರು. ಅದಕ್ಕೆ ‘ಡಿ’ ಎಂದು ಹೆಸರಿಟ್ಟವನು ಅಮೆರಿಕದ ಎಲ್ಮರ್ ಮೆಕಾಲಂ, 1922ರಲ್ಲಿ.

ಮೂಳೆಗೆ ಬೇಕಾದ ವಸ್ತುವಿಗೂ ಕರುಳಿನ ಗಂಟಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ದೊಡ್ಡ ಕರುಳಿನ ಕೋಶಗಳಲ್ಲೂ ಡಿ ವಿಟಮಿನ್ ಬಂದು ಕೂಡುವ ಜಾಗಗಳಿವೆ. ಅಷ್ಟೇ ಅಲ್ಲ, ಮೂತ್ರಪಿಂಡಕ್ಕೆ ಕಾಯದೆ ಅದನ್ನು ತಾವೇ ಬಲಗೊಳಿಸಿಕೊಳ್ಳುವ ಶಕ್ತಿಯೂ ಆ ಕೋಶಗಳಿಗಿದೆ. ಲ್ಯಾಬಿನಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಡಿ ವಿಟಮಿನ್ ಹಾಕಿದರೆ ಅವುಗಳ ಬೆಳವಣಿಗೆ ತಗ್ಗುತ್ತದೆ. ಗಂಟು ತನಗೆ ಬೇಕಾದ ಹೊಸ ರಕ್ತನಾಳ ಎಳೆದುಕೊಳ್ಳುವುದೂ ಕಡಿಮೆಯಾಗುತ್ತದೆ. ಕೇಳಲು ಬಹಳ ಚೆಂದ. ಆದರೆ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಂದ ವಸ್ತುಗಳ ಪಟ್ಟಿ ಬಲು ಉದ್ದ. ಮನುಷ್ಯರಲ್ಲಿ ಔಷಧಿಯಾಗಿ ನಿಂತದ್ದು ಕೆಲವೇ ಕೆಲವು.

ಇನ್ನು ನಮ್ಮ ಬಿಸಿಲು. ಕನಕಗಿರಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೈದೂವರೆ ಡಿಗ್ರಿಯಲ್ಲಿದೆ. ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನಡುಹಗಲಿನಲ್ಲಿ ನೆಟ್ಟ ಕಂಬದ ನೆರಳೂ ಮಾಯವಾಗುತ್ತದೆ. ಇಂಥ ಊರಿನಲ್ಲಿ ಬಿಸಿಲಿನ ವಿಟಮಿನ್ ಕೊರತೆಯೇ? ಹೌದು, ಇದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಭಾಗ್ಯನಗರದ ನೇಕಾರರ ಹಗಲೆಲ್ಲ ಮಗ್ಗದ ಮನೆಯೊಳಗೇ ಮುಗಿಯುತ್ತದೆ. ಕಾರಟಗಿ, ಗಂಗಾವತಿಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು ದಿನವಿಡೀ ಬಿಸಿಲಿನಲ್ಲಿ ಇರುತ್ತಾರೆ, ನಿಜ. ಆದರೆ ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ, ತಲೆಗೆ ಟವೆಲ್ಲು. ಮುಖ, ಮುಂಗೈ ಬಿಟ್ಟರೆ ಬಿಸಿಲಿಗೆ ಸಿಗುವ ಚರ್ಮ ಎಷ್ಟು? ಜೊತೆಗೆ ನಮ್ಮ ಕಪ್ಪು ಚರ್ಮ. ಅದು ಸುಡುವುದರಿಂದ ನಮ್ಮನ್ನು ಕಾಯುತ್ತದೆ, ಆದರೆ ಅಷ್ಟೇ ವಿಟಮಿನ್ ಮಾಡಲು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮದಕ್ಕಿಂತ ಸ್ವಲ್ಪ ದಕ್ಷಿಣಕ್ಕಿರುವ ತಿರುಪತಿಯಲ್ಲಿ ವೈದ್ಯ ಸಿ. ವಿ. ಹರಿನಾರಾಯಣ್ ಮತ್ತು ಜೊತೆಗಾರರು ಹಳ್ಳಿಯವರ, ಪೇಟೆಯವರ ರಕ್ತ ಪರೀಕ್ಷಿಸಿದರು. ಹೊಲದಲ್ಲಿ ದುಡಿಯುವವರ ಮಟ್ಟ ಪೇಟೆಯವರಿಗಿಂತ ಮೇಲಿತ್ತು. ಆದರೂ ಹಳ್ಳಿಯವರಲ್ಲೂ ಸಾಕಷ್ಟು ಮಂದಿ ಕೊರತೆಯವರೇ.

ಆ ತಂಡದ ಇನ್ನೊಂದು ಕೆಲಸ ನಮ್ಮ ಒಂದು ನಂಬಿಕೆಯನ್ನು ಅಲುಗಿಸುತ್ತದೆ. ಬೆಳಗಿನ ಎಳೆಬಿಸಿಲಿಗೆ ಮೈಯೊಡ್ಡಿದರೆ ಡಿ ವಿಟಮಿನ್ ಬರುತ್ತದೆ ಎಂದು ಹಿರಿಯರೂ ಹೇಳುತ್ತಾರೆ, ಯೋಗ ಶಿಬಿರದವರೂ ಹೇಳುತ್ತಾರೆ. ಸೂರ್ಯ ಕೆಳಗಿದ್ದಾಗ ಕಿರಣಗಳು ಗಾಳಿಯ ಪದರದಲ್ಲಿ ಓರೆಯಾಗಿ ಬಹಳ ದೂರ ಹಾಯ್ದು ಬರಬೇಕು. ನಮಗೆ ಬೇಕಾದ ಬಿ ಕಿರಣ ದಾರಿಯಲ್ಲೇ ಸೋರಿಹೋಗುತ್ತದೆ. ತಿರುಪತಿಯ ಅಳತೆಯ ಪ್ರಕಾರ ವರ್ಷದ ಯಾವ ಕಾಲದಲ್ಲೂ ವಿಟಮಿನ್ ಚೆನ್ನಾಗಿ ತಯಾರಾಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ಗಡಿಯಾರವಿಲ್ಲದೆ ಇದನ್ನು ತಿಳಿಯುವ ಉಪಾಯವೂ ಇದೆ. ಬಯಲಿನಲ್ಲಿ ನಿಂತು ನಿಮ್ಮ ನೆರಳು ನೋಡಿ. ಅದು ನಿಮಗಿಂತ ಗಿಡ್ಡವಿದ್ದರೆ ಬಿ ಕಿರಣ ಬರುತ್ತಿದೆ. ನಿಮಗಿಂತ ಉದ್ದವಿದ್ದರೆ ಮೈ ಬೆಚ್ಚಗಾದೀತು, ವಿಟಮಿನ್ ಅಷ್ಟಕ್ಕಷ್ಟೆ. ಗಾಜಿನ ಕಿಟಕಿಯ ಹಿಂದೆ ಕೂತರಂತೂ ಬಿ ಕಿರಣ ಒಳಗೆ ಬರುವುದೇ ಇಲ್ಲ. ಮಕ್ಕಳನ್ನು ಶಾಲೆಯ ಅಂಗಳಕ್ಕೆ ಕರೆದೊಯ್ದು ತೋರಿಸಲು ಇದಕ್ಕಿಂತ ಸಲೀಸಾದ ಪ್ರಯೋಗ ನನಗೆ ಗೊತ್ತಿಲ್ಲ. ಹಾಗೆಂದು ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳದ ನಡುಹಗಲಿನ ಬಿಸಿಲಿನಲ್ಲಿ ಯಾರನ್ನೂ ಕೂರಿಸಬೇಡಿ. ಆ ತಿಂಗಳುಗಳಲ್ಲಿ ಬಿಸಿಲಿನ ಹೊಡೆತವೇ ದೊಡ್ಡ ಅಪಾಯ.

ರಿಪೋರ್ಟಿನ ಅಂಕಿ ಓದುವುದು ಹೀಗೆ. ಒಂದು ಮಿಲಿಲೀಟರ್ ರಕ್ತದ ಸೀರಂನಲ್ಲಿ ಎಷ್ಟು ನ್ಯಾನೋಗ್ರಾಂ ಇದೆ ಎಂದು ಬರೆದಿರುತ್ತಾರೆ. ರೂಢಿಯಲ್ಲಿ 20ಕ್ಕಿಂತ ಕೆಳಗಿದ್ದರೆ ಕೊರತೆ, 20ರಿಂದ 30ರ ನಡುವೆ ಸಾಲದು, 30 ದಾಟಿದರೆ ಸಾಕು. ಮೂಳೆಗೆ 20 ಸಾಕು ಎನ್ನುವ ತಜ್ಞರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ. ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಮಾತ್ರ ಒಂದು ಮಾತು ಹೇಳಬೇಕು. ಅಲ್ಲಿ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಸೊಂಟನೋವು, ಮೊಣಕಾಲು ನೋವು ಬಂದರೆ ಎಲ್ಲವನ್ನೂ ನೀರಿನ ಲೆಕ್ಕಕ್ಕೆ ಹಾಕುತ್ತಾರೆ. ಡಿ ವಿಟಮಿನ್ ಕೊರತೆಯ ನೋವೂ ಹಾಗೇ ಇರುತ್ತದೆ, ಎರಡೂ ಒಟ್ಟಿಗೆ ಇರಬಹುದು, ಒಟ್ಟಿಗಿದ್ದರೆ ಮೂಳೆಗೆ ಇನ್ನಷ್ಟು ಕೆಡುಕು.

ಬಿಸಿಲಿಗೂ ಕರುಳಿನ ಕ್ಯಾನ್ಸರ್‌ಗೂ ನಂಟಿದೆ ಎಂಬ ಮಾತು ಹುಟ್ಟಿದ್ದು ಒಂದು ನಕ್ಷೆಯಿಂದ. 1970ರ ದಶಕದಲ್ಲಿ ಅಮೆರಿಕದ ಯಾವ ಕೌಂಟಿಯಲ್ಲಿ ಎಷ್ಟು ಜನ ಕ್ಯಾನ್ಸರ್‌ನಿಂದ ಸತ್ತರು ಎಂಬ ನಕ್ಷೆಗಳು ಬಂದವು. ಸೆಡ್ರಿಕ್ ಗಾರ್ಲಂಡ್, ಫ್ರಾಂಕ್ ಗಾರ್ಲಂಡ್ ಎಂಬ ಅಣ್ಣತಮ್ಮಂದಿರು ಅವನ್ನು ನೋಡುತ್ತ ಒಂದು ವಿಷಯ ಗಮನಿಸಿದರು. ಬಿಸಿಲು ಕಡಿಮೆಯಿರುವ ಈಶಾನ್ಯದ ಕಡೆ ಕರುಳಿನ ಕ್ಯಾನ್ಸರ್‌ನ ಸಾವು ಹೆಚ್ಚು, ಬಿಸಿಲೂರುಗಳಿರುವ ನೈಋತ್ಯದ ಕಡೆ ಕಡಿಮೆ. ಡಿ ವಿಟಮಿನ್ ಕಾರಣವಿರಬಹುದೇ ಎಂದು 1980ರಲ್ಲಿ ಲೇಖನ ಬರೆದರು. ಬಳಿಕ ಮೇರಿಲ್ಯಾಂಡ್ ರಾಜ್ಯದಲ್ಲಿ 1974ರಲ್ಲಿ 25 ಸಾವಿರಕ್ಕೂ ಹೆಚ್ಚು ಜನ ಕೊಟ್ಟಿದ್ದ ರಕ್ತದ ಮಾದರಿಗಳತ್ತ ತಿರುಗಿದರು. ಮುಂದಿನ ಎಂಟು ವರ್ಷದಲ್ಲಿ ಕರುಳಿನ ಕ್ಯಾನ್ಸರ್ ಬಂದ 34 ಜನರ ಹಳೆಯ ರಕ್ತದಲ್ಲಿ ಡಿ ಮಟ್ಟ ಅಳೆದು, ರೋಗ ಬಾರದವರ ರಕ್ತದೊಂದಿಗೆ ಹೋಲಿಸಿದರು. 20ಕ್ಕಿಂತ ಮೇಲಿದ್ದವರಲ್ಲಿ ರೋಗ ಕಡಿಮೆ ಕಂಡಿತು. 34 ಎಂಬುದು ಸಣ್ಣ ಸಂಖ್ಯೆ. ಆದರೂ ಒಂದು ಬಾಗಿಲು ತೆರೆಯಿತು.

ಇದು ರೋಗ ಬರುವುದರ ಮಾತಾಯಿತು. ಬಂದ ಮೇಲೆ ಬದುಕುವುದರ ಮಾತು ಬೇರೆ. ಬಾಸ್ಟನ್ನಿನ ವೈದ್ಯೆ ಕಿಮ್ಮಿ ಎನ್‌ಜಿ ಮತ್ತು ಜೊತೆಗಾರರು 2008ರಲ್ಲಿ ಕರುಳಿನ ಕ್ಯಾನ್ಸರ್ ಬಂದ 304 ಜನರ ಲೆಕ್ಕ ಪ್ರಕಟಿಸಿದರು. ಇವರೆಲ್ಲ ದಾದಿಯರು, ವೈದ್ಯಕೀಯ ವೃತ್ತಿಯವರು. ರೋಗ ಪತ್ತೆಯಾಗುವ ಮೊದಲೇ ರಕ್ತ ಕೊಟ್ಟಿದ್ದವರು. ಡಿ ಮಟ್ಟದ ಪ್ರಕಾರ ನಾಲ್ಕು ಗುಂಪು ಮಾಡಿ ನೋಡಿದಾಗ, ಎಲ್ಲಕ್ಕಿಂತ ಮೇಲಿನ ಗುಂಪಿನವರು ಸಾಯುವ ಸಾಧ್ಯತೆ ಕೆಳಗಿನ ಗುಂಪಿನವರದರ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. 2014ರಲ್ಲಿ ಸ್ಕಾಟ್ಲೆಂಡಿನಿಂದ ಇನ್ನೂ ದೊಡ್ಡ ಲೆಕ್ಕ ಬಂತು. ಅಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬಿಸಿಲು ಕಾಯಿಸಿದರೂ ಚರ್ಮ ಡಿ ವಿಟಮಿನ್ ಮಾಡಲಾರದು. ಅಂಥ ನಾಡಿನ 1,598 ರೋಗಿಗಳ ರಕ್ತವನ್ನು ಶಸ್ತ್ರಚಿಕಿತ್ಸೆಯ ನಂತರ ಪರೀಕ್ಷಿಸಿ, ವರ್ಷಗಟ್ಟಲೆ ಹಿಂಬಾಲಿಸಿದರು. ಮೂರು ಗುಂಪಿನಲ್ಲಿ ಮೇಲಿನವರು ಈ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಕೆಳಗಿನವರಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಪತ್ರಿಕೆಗಳು ಬರೆದವು, ಮಾತ್ರೆ ಮಾರುವವರು ಇನ್ನೂ ಜೋರಾಗಿ ಹೇಳಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಭಾಗದಿಂದ ಯುಗಾದಿಗೆ ಮುಂಚೆ ಸಾವಿರಾರು ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಹೋದವರ, ಹೋಗದವರ ಪಟ್ಟಿ ಮಾಡಿ ಐದು ವರ್ಷ ಬಿಟ್ಟು ಎಣಿಸಿದರೆ ಹೋದವರಲ್ಲಿ ಬದುಕಿರುವವರೇ ಹೆಚ್ಚು ಸಿಕ್ಕಾರು. ಹಾಗಾದರೆ ನಡಿಗೆ ಅವರ ಆಯಸ್ಸು ಹೆಚ್ಚಿಸಿತೇ? ಮೊಣಕಾಲು ಗಟ್ಟಿಯಿದ್ದವರು, ಎದೆಯ ತೊಂದರೆ ಇಲ್ಲದವರು ಮಾತ್ರ ಹೊರಟಿದ್ದರು. ಹಾಸಿಗೆ ಹಿಡಿದವರು ಮನೆಯಲ್ಲೇ ಉಳಿದಿದ್ದರು. ಡಿ ವಿಟಮಿನ್ನಿನ ಅಂಕಿಯ ಹಿಂದೆಯೂ ಇದೇ ಗೊಂದಲವಿದೆ. ರೋಗ ಜೋರಾಗಿರುವವರು ಹೊರಗೆ ಓಡಾಡುವುದಿಲ್ಲ, ಬಿಸಿಲು ತಾಗುವುದಿಲ್ಲ. ಊಟ ಸೇರುವುದಿಲ್ಲ. ದೇಹದಲ್ಲಿ ಉರಿಯೂತ ಹೆಚ್ಚಿದಷ್ಟೂ ರಕ್ತದ ಡಿ ಮಟ್ಟ ತಾನಾಗಿ ಕೆಳಗಿಳಿಯುತ್ತದೆ. ದೊಡ್ಡ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಇದು ಕಾಣುತ್ತದೆ. ಬೊಜ್ಜಿರುವವರ ಕೊಬ್ಬಿನಲ್ಲಿ ಡಿ ಅಡಗಿ ಕೂರುತ್ತದೆ. ಅಂದರೆ ಅಂಕಿ ಕೆಳಗಿದ್ದುದರಿಂದ ರೋಗ ಬಲಿಯಿತೋ, ರೋಗ ಬಲಿತಿದ್ದರಿಂದ ಅಂಕಿ ಇಳಿಯಿತೋ ಎಂಬುದು ರಕ್ತ ಪರೀಕ್ಷೆಯೊಂದರಿಂದಲೇ ತಿಳಿಯುವುದಿಲ್ಲ. ಈ ಗೊಂದಲ ಸಂಶೋಧಕರಿಗೂ ಗೊತ್ತು, ಆದ್ದರಿಂದ ಲೆಕ್ಕದಲ್ಲಿ ವಯಸ್ಸು, ರೋಗದ ಹಂತ, ತೂಕ ಎಲ್ಲವನ್ನೂ ಸರಿದೂಗಿಸುತ್ತಾರೆ. ಆದರೆ ಅಳೆಯದೇ ಉಳಿದದ್ದನ್ನು ಸರಿದೂಗಿಸುವುದು ಯಾರಿಗೂ ಸಾಧ್ಯವಿಲ್ಲ.

ತಿಳಿಯುವ ದಾರಿ ಒಂದೇ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಡಿ ಹೆಚ್ಚು ಕೊಟ್ಟು, ಇನ್ನೊಂದಕ್ಕೆ ಕೊಡದೆ ಅಥವಾ ಕಡಿಮೆ ಕೊಟ್ಟು, ಯಾರು ಯಾವ ಗುಂಪು ಎಂದು ವೈದ್ಯರಿಗೂ ತಿಳಿಯದಂತೆ ನೋಡುವುದು. ಕಿಮ್ಮಿ ಎನ್‌ಜಿ ಅದನ್ನೂ ಮಾಡಿದರು. ತಮ್ಮ ಮಾತನ್ನು ತಾವೇ ಪರೀಕ್ಷೆಗೆ ಒಡ್ಡುವ ಈ ಗುಣ ನನಗೆ ಬಹಳ ಹಿಡಿಸುತ್ತದೆ. ಸನ್‌ಶೈನ್ ಎಂಬ ಹೆಸರಿನ ಆ ಪ್ರಯೋಗದ ಫಲ 2019ರಲ್ಲಿ ಬಂತು. ರೋಗ ಬೇರೆ ಅಂಗಗಳಿಗೆ ಹರಡಿದ್ದ 139 ಜನ, ಎಲ್ಲರಿಗೂ ಒಂದೇ ಕಿಮೋ. ಒಂದು ಗುಂಪಿಗೆ ದಿನಕ್ಕೆ 4,000 ಯೂನಿಟ್ ಡಿ, ಇನ್ನೊಂದಕ್ಕೆ 400. ರೋಗ ಮತ್ತೆ ಮುಂದುವರಿಯುವವರೆಗಿನ ಕಾಲ ಮೊದಲ ಗುಂಪಿನಲ್ಲಿ 13 ತಿಂಗಳು, ಎರಡನೆಯದರಲ್ಲಿ 11. ಎರಡು ತಿಂಗಳ ಈ ಅಂತರ ಅದೃಷ್ಟದಿಂದಲೂ ಬಂದಿರಬಹುದು ಎನ್ನುವಷ್ಟು ಸಣ್ಣದಿತ್ತು. ಒಟ್ಟು ಬದುಕಿದ ಅವಧಿಯಲ್ಲಿ ವ್ಯತ್ಯಾಸವಿರಲಿಲ್ಲ. ಅದೇ ವರ್ಷ ಜಪಾನಿನಲ್ಲಿ ಅನ್ನನಾಳದಿಂದ ಗುದನಾಳದವರೆಗಿನ ಕ್ಯಾನ್ಸರ್‌ಗೆ ಆಪರೇಷನ್ ಆದ 417 ಜನರ ಪ್ರಯೋಗದ ಫಲವೂ ಬಂತು. ದಿನಕ್ಕೆ 2,000 ಯೂನಿಟ್ ತೆಗೆದುಕೊಂಡವರಲ್ಲಿ ಐದು ವರ್ಷ ರೋಗ ಮರುಕಳಿಸದೆ ಇದ್ದವರು ಶೇಕಡಾ 77, ಡಿ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 69. ಇದೂ ಖಚಿತ ಎನ್ನುವ ಗೆರೆ ದಾಟಲಿಲ್ಲ.

ಎರಡೂ ಕಡೆ ಗಾಳಿ ಒಂದೇ ದಿಕ್ಕಿಗೆ ಬೀಸಿದ್ದರಿಂದ ಆಸೆ ಉಳಿಯಿತು. ಅದಕ್ಕಾಗಿ 450ಕ್ಕೂ ಹೆಚ್ಚು ರೋಗಿಗಳೊಂದಿಗೆ ಸೊಲಾರಿಸ್ ಎಂಬ ದೊಡ್ಡ ಪ್ರಯೋಗ ನಡೆಸಿದರು. ಹಿಂದಿನಂತೆಯೇ ಹರಡಿದ ರೋಗ, ಕಿಮೋ ಜೊತೆಗೆ ಹೆಚ್ಚಿನ ಡಿ. 2025ರ ಆರಂಭದಲ್ಲಿ ಫಲ ಹೊರಬಿತ್ತು: ಹೆಚ್ಚಿನ ಡಿ ಕೊಟ್ಟದ್ದರಿಂದ ರೋಗ ಮುಂದುವರಿಯುವುದು ತಡವಾಗಲಿಲ್ಲ. ರೋಗವೇ ಇಲ್ಲದ 25,871 ಅಮೆರಿಕನ್ನರ ಮೇಲೆ ನಡೆದ ವೈಟಲ್ ಪ್ರಯೋಗದಲ್ಲೂ ದಿನಕ್ಕೆ 2,000 ಯೂನಿಟ್ ತೆಗೆದುಕೊಂಡವರಿಗೆ ಕ್ಯಾನ್ಸರ್ ಬರುವುದು ತಪ್ಪಲಿಲ್ಲ.

ಚಹಾದಂಗಡಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಡಿ ಕಡಿಮೆಯಿದ್ದದ್ದಕ್ಕೇ ಕ್ಯಾನ್ಸರ್ ಬಂತು ಎನ್ನಲು ಆಧಾರ ಸಾಲದು. ಆ ತಪ್ಪಿತಸ್ಥ ಭಾವವನ್ನು ರೋಗಿಯ ತಲೆಗೆ ಕಟ್ಟಬೇಡಿ. ಡಿ ಚೆನ್ನಾಗಿರುವ ರೋಗಿಗಳು ಹೆಚ್ಚು ಕಾಲ ಬದುಕಿದ್ದು ನಿಜ. ಆದರೆ ಹೊರಗಿನಿಂದ ಹೆಚ್ಚು ಹೆಚ್ಚು ಕೊಟ್ಟು ಆಯಸ್ಸು ಏರಿಸಬಹುದು ಎಂದು ಈವರೆಗೆ ಯಾರೂ ಖಚಿತವಾಗಿ ತೋರಿಸಿಲ್ಲ. ಅಂಕಿ 11 ಇದ್ದರೆ ಅದನ್ನು ಸರಿಪಡಿಸಬಾರದೇ? ಖಂಡಿತ ಸರಿಪಡಿಸಬೇಕು, ಮೂಳೆ ಮತ್ತು ಮಾಂಸಖಂಡಕ್ಕಾಗಿ. ಕಿಮೋದಿಂದ ಸೊರಗಿದವರು ಬಿದ್ದು ಮೂಳೆ ಮುರಿದುಕೊಂಡರೆ ಚಿಕಿತ್ಸೆಯೇ ನಿಂತುಹೋಗುತ್ತದೆ.

ಸರಿಪಡಿಸುವ ಬಗೆ ನಿಮಗೆ ಗೊತ್ತಿರುವುದೇ: ವಾರಕ್ಕೊಮ್ಮೆ ಹಾಲಿನಲ್ಲಿ ಕಲಸಿ ಕುಡಿಯುವ 60,000 ಯೂನಿಟ್‌ನ ಪುಡಿ ಪೊಟ್ಟಣ, ಇಲ್ಲವೆ ಅಷ್ಟೇ ಶಕ್ತಿಯ ಮಾತ್ರೆ. ಆ ಪೊಟ್ಟಣದ ಮೇಲಿನ ಸಂಖ್ಯೆ ಒಮ್ಮೆ ಓದಿ ನೋಡಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್ ಎಂದು ನಮ್ಮ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಪೊಟ್ಟಣದಲ್ಲಿ ನೂರು ದಿನದ ಪಾಲಿದೆ. ವೈದ್ಯರು ಆರೋ ಎಂಟೋ ವಾರ ಎಂದು ಬರೆದುಕೊಟ್ಟರೆ ಅಷ್ಟಕ್ಕೇ ನಿಲ್ಲಿಸಬೇಕು. ಒಳ್ಳೆಯದಾಯಿತೆಂದು ದಿನಾ ಕುಡಿದವರು, 6 ಲಕ್ಷ ಯೂನಿಟ್‌ನ ಇಂಜೆಕ್ಷನ್ ಮೇಲಿಂದ ಮೇಲೆ ಹಾಕಿಸಿಕೊಂಡವರು ನಮ್ಮ ದೇಶದಲ್ಲಿ ಆಸ್ಪತ್ರೆ ಸೇರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಉಕ್ಕಿ ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಕೊನೆಗೆ ಕಿಡ್ನಿಗೆ ಪೆಟ್ಟು. ಕಿಮೋ ನಡೆಯುತ್ತಿರುವಾಗ ಇವೇ ಲಕ್ಷಣ ಬಂದರೆ ಕಿಮೋದ್ದೆಂದು ಬಗೆದು ಸುಮ್ಮನಾಗುವ ಅಪಾಯವೂ ಇದೆ. ತೆಗೆದುಕೊಳ್ಳುವ ಪ್ರತಿ ಮಾತ್ರೆ, ಪುಡಿ, ಕಷಾಯವನ್ನೂ ಕ್ಯಾನ್ಸರ್ ವೈದ್ಯರಿಗೆ ತೋರಿಸಿ.

ಊಟದ ವಿಷಯ ಬೇಗ ಮುಗಿಯುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಯಾವುದರಲ್ಲೂ ಡಿ ಇಲ್ಲ. ಮೊಟ್ಟೆಯ ಹಳದಿ, ಮೀನು, ಡಿ ಸೇರಿಸಿದ ಹಾಲಿನಲ್ಲಿ ಒಂದಿಷ್ಟು ಇರುತ್ತದೆ. ಅಂಥ ಹಾಲಿನ ಪ್ಯಾಕೆಟ್ಟಿನ ಮೇಲೆ ನೀಲಿ ಬಣ್ಣದ ಪ್ಲಸ್-ಎಫ್ ಗುರುತು ಇರುತ್ತದೆ. ಬಿಸಿಲಿನ ವಿಷಯದಲ್ಲಿ ರೋಗಿಗಳಿಗೆ ಬೇರೆ ನಿಯಮ. ಈ ಕ್ಯಾನ್ಸರ್‌ಗೆ ಹೆಚ್ಚಾಗಿ ಕೊಡುವ 5-ಎಫ್‌ಯು ಇಂಜೆಕ್ಷನ್, ಕೆಪಸಿಟಾಬಿನ್ ಮಾತ್ರೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಚರ್ಮ ಬೇಗ ಸುಟ್ಟು ಕಪ್ಪಾಗುತ್ತದೆ. ಆದ್ದರಿಂದ ಮೇಲೆ ಹೇಳಿದ ನೆರಳಿನ ಲೆಕ್ಕ ಗಟ್ಟಿಮುಟ್ಟಾದವರಿಗೆ. ಕಿಮೋದಲ್ಲಿರುವವರು ಡಿ ಬೇಕೆಂದು ನಡುಹಗಲಿನಲ್ಲಿ ಮಾಳಿಗೆ ಮೇಲೆ ಕೂರುವುದು ಬೇಡ, ಅವರಿಗೆ ಪುಡಿಯೇ ಸರಿ.

ಆಯಸ್ಸಿನ ಪ್ರಶ್ನೆ ಕೇಳುವವರಿಗೆ ನಾನು ಡಿ ಅಂಕಿ ಬಿಟ್ಟು ಬೇರೊಂದು ಅಂಕಿ ತೋರಿಸುತ್ತೇನೆ. ಅಮೆರಿಕದ ಲೆಕ್ಕದಲ್ಲಿ ಕ್ಯಾನ್ಸರ್ ಕರುಳಿನ ಗೋಡೆ ದಾಟುವ ಮುನ್ನ ಪತ್ತೆಯಾದರೆ ಐದು ವರ್ಷ ಬದುಕುವವರು ನೂರಕ್ಕೆ 90ರಷ್ಟು. ಪಕ್ಕದ ಗ್ರಂಥಿಗಳಿಗೆ ಹಬ್ಬಿದ್ದರೆ 70ಕ್ಕಿಂತ ಸ್ವಲ್ಪ ಮೇಲೆ. ಯಕೃತ್ತು, ಶ್ವಾಸಕೋಶ ತಲುಪಿದ್ದರೆ 15ರ ಆಸುಪಾಸು. ನಮ್ಮ ಕಡೆ ಇದು ತಡವಾಗಿ ಪತ್ತೆಯಾಗುವುದಕ್ಕೆ ಮುಖ್ಯ ಕಾರಣ ಮೂಲವ್ಯಾಧಿ ಎಂಬ ಹಣೆಪಟ್ಟಿ. ಸಂಡಾಸಿನಲ್ಲಿ ರಕ್ತ ಕಂಡರೆ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಹೇಳಿದರೂ ಬಸ್ ಸ್ಟ್ಯಾಂಡ್ ಹತ್ತಿರ ಮೂಲವ್ಯಾಧಿ, ಭಗಂದರ ಎಂದು ಬೋರ್ಡು ಹಾಕಿದವರ ಬಳಿ ಹೋಗಿ ತಿಂಗಳುಗಟ್ಟಲೆ ಮುಲಾಮು, ಪುಡಿ ನಡೆಯುತ್ತದೆ. ರಕ್ತ ಬಿದ್ದವರಲ್ಲಿ ಹೆಚ್ಚಿನವರದು ಮೂಲವ್ಯಾಧಿಯೇ ಇರಬಹುದು. ಬೆರಳಿನ ಪರೀಕ್ಷೆಯಾಗಲಿ ಕೊಲೊನೋಸ್ಕೋಪಿಯಾಗಲಿ ಮಾಡದೆ ಅದನ್ನು ಹೇಳಲು ಯಾರಿಗೂ ಬರುವುದಿಲ್ಲ. ರಕ್ತದ ಜೊತೆಗೆ ಸಂಡಾಸಿನ ರೂಢಿ ಬದಲಾದದ್ದು, ಹೋಗಿ ಬಂದರೂ ಪೂರ್ತಿ ಆಗಲಿಲ್ಲವೆನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಗಂಡಸರಲ್ಲಿ ರಕ್ತಹೀನತೆ ಇವು ಕಂಡರೆ ತಡ ಮಾಡಬಾರದು.

ನಮ್ಮ ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ನೋಡುತ್ತಾರೆ, ಕರುಳಿನದು ಅದರಲ್ಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಇದನ್ನು ಕೇಳುವುದಿಲ್ಲ; ರಕ್ತ ಕಂಡವರೇ ಬಾಯಿ ಬಿಡಬೇಕು. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸರ್ಜರಿ ವಿಭಾಗಕ್ಕೆ ಚೀಟಿ ಮಾಡಿಸಿ, “ರಕ್ತ ಬೀಳ್ತೈತಿ, ಒಳಗ ಪರೀಕ್ಷೆ ಮಾಡ್ರಿ” ಎಂದು ನೇರವಾಗಿ ಕೇಳಿ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಶಾಖೆ, ಬೆಂಗಳೂರಿನ ಕಿದ್ವಾಯಿ ಇವೆ. ಹೊರಡುವಾಗ ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಫೈಲಿನಲ್ಲಿ ಬಯಾಪ್ಸಿ ರಿಪೋರ್ಟು ಎಲ್ಲಕ್ಕಿಂತ ಮೇಲಿರಲಿ. ಡಿ ವಿಟಮಿನ್ನಿನ ಹಾಳೆ ಹಿಂದೆ ಇದ್ದರೂ ನಡೆಯುತ್ತದೆ.